ಗ್ರಿಟ್ಲಿಯ ಊಟಕ್ಕೆ ಮತದಾನ

ಪಶುವೈದ್ಯೆ ಗ್ರಿಟ್ಲಿಯನ್ನು ತಕ್ಕಡಿಯ ಮೇಲಿಟ್ಟು ಮೊದಲು ಅಂಕಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮುಂದಿನ ಸರದಿ ನನ್ನದೇನೋ ಅನ್ನುವ ಹಾಗೆ ಮೇಲಿಂದ ಕೆಳಗಿನವರೆಗೆ ನೋಡಿದ್ದು ನನಗೆ ಒಂಚೂರೂ ಹಿಡಿಸಲಿಲ್ಲ. ಹೀಗೇ ಬಿಟ್ಟರೆ ಬೆಕ್ಕಿಗೆ ಸಕ್ಕರೆ ಕಾಯಿಲೆ ಗ್ಯಾರಂಟಿ, ದಿನಾ ಸೂಜಿ ಚುಚ್ಚಬೇಕಾಗುತ್ತದೆ ಎಂದರು. ನಾನು ಬೆಳಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ ಬಿಟ್ಟರೆ ಬೇರೇನೂ ಕೊಡುವುದಿಲ್ಲ ಎಂದೆ. ಅದು ನಿಜವೂ ಆಗಿತ್ತು.

"ಮನೆಗೆ ಬೆಕ್ಕಿನ ಏಣಿ ಇದ್ಯಾ?" ಎಂದು ಕೇಳಿದರು.

"ಇದೆ."

"ಎಷ್ಟು ಮಹಡಿ?"

"ಕೆಳಗಿನದೂ ಸೇರಿ ನಾಲ್ಕು."

"ಹಾಗಾದ್ರೆ ನಿಮ್ಮ ಎರಡು ಹಿಡಿ ಅವಳಿಗೆ ಉಪ್ಪಿನಕಾಯಿ ಇದ್ದ ಹಾಗೆ ಕಣ್ರೀ," ಎಂದರು ವೈದ್ಯೆ.

ಬೆರ್ನ್‌ನಲ್ಲಿ ಬೆಕ್ಕಿನ ಏಣಿ ಇಲ್ಲದ ಹಳೆಯ ಮನೆ ಹುಡುಕಿದರೂ ಸಿಗುವುದು ಕಷ್ಟ. ನಮ್ಮ ಮನೆಯ ಹಿಂಗೋಡೆಯ ಮೇಲೆ ಅಡ್ಡಾದಿಡ್ಡಿಯಾಗಿ ಹಲಗೆಗಳನ್ನು ಹೊಡೆದು, ಒಂದೊಂದು ಮಹಡಿಯ ಬಾಲ್ಕನಿಗೂ ತಾಗಿಸಿ ನೆಲದವರೆಗೆ ಇಳಿಸಿದ್ದಾರೆ. ನಾನು ಟ್ರಾಮ್ ಓಡಿಸುವವಳು. ಪಾಳಿಗೆ ಹೋದರೆ ಅರ್ಧ ದಿನ ಮನೆಯಲ್ಲಿರುವುದಿಲ್ಲ. ಅಷ್ಟು ಹೊತ್ತು ಗ್ರಿಟ್ಲಿ ತೋಟದಲ್ಲಿ ಚಿಟ್ಟೆ ನೋಡುತ್ತಾ ಕೂರುತ್ತಾಳೆ ಎಂದುಕೊಂಡಿದ್ದೆ. ಅವಳು ಸ್ಟಾಪಿಂದ ಸ್ಟಾಪಿಗೆ ಊಟ ಮಾಡುತ್ತಾ ಹೋಗುತ್ತಿದ್ದಳೆಂದು ಯಾರಿಗೆ ಗೊತ್ತು.

ಬೇರೆ ಊರಿನಲ್ಲಾದರೆ ಪಕ್ಕದ ಮನೆಯ ಬಾಗಿಲು ತಟ್ಟಿ, ನನ್ನ ಬೆಕ್ಕಿಗೆ ಯಾಕ್ರೀ ಊಟ ಹಾಕ್ತೀರಿ ಎಂದು ಕೇಳಿಬಿಡುತ್ತಿದ್ದರೇನೋ. ನಮ್ಮಲ್ಲಿ ಹಾಗೆಲ್ಲ ಕೇಳುವುದು ಅಸಭ್ಯತೆ. ನಾವು ಸಭೆ ಕರೆಯುತ್ತೇವೆ. ಎಲ್ಲರಿಗೂ ಸೇರಿದ ಜಾಗವೆಂದರೆ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆ ಒಂದೇ. ಗುರುವಾರ ಸಂಜೆ ಅಲ್ಲಿ, ಒಣಗುತ್ತಿದ್ದ ಯಾರದೋ ಹೊದಿಕೆಗಳ ಕೆಳಗೆ, ಐದು ಜನ ಸೇರಿದೆವು.

ಮೇಲಿನ ಮಹಡಿಯ ಶೆಲ್ಲೆನ್‌ಬರ್ಗ್ ಮೇಡಂ ಜಾಹೀರಾತು ಕಂಪನಿಯವರು. ಜ್ಯೂರಿಕ್‌ನಿಂದ ಬಂದು ಯಾವ ಕಾಲವಾಯಿತೋ, ಆದರೂ ಇನ್ನೂ ಜ್ಯೂರಿಕ್‌ನವರಾಗಿಯೇ ಉಳಿದಿದ್ದಾರೆ. ಅಂದರೆ ನಾವು ಒಂದು ಮಾತು ಯೋಚಿಸುವಷ್ಟರಲ್ಲಿ ಅವರು ಮೂರು ಆಡಿ ಮುಗಿಸಿರುತ್ತಾರೆ. ನನ್ನ ಕೆಳಗಿನ ಮನೆಯಲ್ಲಿ ಸಿಲ್ವಾನ್ ಮತ್ತು ನೋಯೆಮಿ ಎಂಬ ಎಳೆಯ ಜೋಡಿ. ಮಾಂಸ, ಹಾಲು, ಜೇನುತುಪ್ಪ ಯಾವುದನ್ನೂ ಮುಟ್ಟುವವರಲ್ಲ. ನೆಲ ಅಂತಸ್ತಿನಲ್ಲಿ ಆನ್ಲಿಕರ್. ಸರ್ಕಾರದ ತೂಕ-ಅಳತೆ ಕಚೇರಿಯಲ್ಲಿದ್ದು ನಿವೃತ್ತರಾದವರು. ಒಂಟಿ ಮನುಷ್ಯ. ನಾನು ಈ ಮನೆಗೆ ಬಂದ ಹೊಸದರಲ್ಲಿ ಬಟ್ಟೆ ಒಣಗಿಸುವ ಯಂತ್ರದಲ್ಲಿ ನನ್ನ ಟವೆಲಿನ ಜುಂಗು ಉಳಿದಿದೆ ಎಂದು ಚೀಟಿ ಅಂಟಿಸಿದ್ದರು. ಅಂದಿನಿಂದ ಮೆಟ್ಟಿಲಲ್ಲಿ ಎದುರಾದಾಗ ಒಂದು ನಮಸ್ಕಾರ ಬಿಟ್ಟರೆ ನಮ್ಮಿಬ್ಬರ ನಡುವೆ ಮಾತೇ ಇರಲಿಲ್ಲ.

ವೈದ್ಯೆ ಹೇಳಿದ್ದನ್ನು ಹೇಳಿದೆ. ಆಮೇಲೆ ಒಬ್ಬೊಬ್ಬರೇ ಒಪ್ಪಿಕೊಂಡರು, ಅದೂ ತಪ್ಪು ಮಾಡಿದವರ ಹಾಗಲ್ಲ, ದಾನ ಮಾಡಿದವರ ಹಾಗೆ. ಶೆಲ್ಲೆನ್‌ಬರ್ಗ್ ಸೀಗಡಿ ಹಾಕುತ್ತಿದ್ದರಂತೆ, ಪಾಪ, ಅಷ್ಟು ಹಸಿದುಕೊಂಡು ಬರುತ್ತಿದ್ದಳಂತೆ. ಸಿಲ್ವಾನ್ ಮತ್ತು ನೋಯೆಮಿ ಬೇಯಿಸಿದ ಕಡಲೆಕಾಳು ಕೊಟ್ಟರೆ ಅವಳು ತಿನ್ನಲಿಲ್ಲವಂತೆ. ಕೊನೆಗೆ ಅವಳಿಗಾಗಿಯೇ, ತಮ್ಮ ನಂಬಿಕೆ ಬದಿಗಿಟ್ಟು, ಟ್ಯೂನಾ ಮೀನಿನ ಡಬ್ಬಿ ತಂದಿಟ್ಟಿದ್ದರಂತೆ. ಇದನ್ನು ಹೇಳುವಾಗ ನೋಯೆಮಿ ತಲೆ ತಗ್ಗಿಸಿದಳು. ಆನ್ಲಿಕರ್ ಮಾತ್ರ ನೆಟ್ಟಗೆ ನಿಂತು, "ಕೋಳಿ ಹೃದಯ. ಬೇಯಿಸಿ, ತೂಗಿ," ಎಂದರು. ತೂಗಿ ಕೊಟ್ಟರೆ ತಪ್ಪಾಗುವುದಿಲ್ಲ ಎಂದು ಅವರ ಲೆಕ್ಕ.

ಇನ್ನು ಮೇಲೆ ನನ್ನನ್ನು ಬಿಟ್ಟು ಯಾರೂ ಊಟ ಹಾಕಕೂಡದು ಎನ್ನುವುದು ನನ್ನ ಪ್ರಸ್ತಾವ. ಅದು ಪಾಸಾಗುತ್ತದೆ ಎಂದು ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಬೆಕ್ಕು ನನ್ನದು, ವೈದ್ಯೆಯ ಬಿಲ್ಲು ನನ್ನದು, ಕಾಯಿಲೆ ಬಂದರೆ ಸೂಜಿ ಹಿಡಿಯಬೇಕಾದವಳೂ ನಾನು. ಆದರೆ ಮತ ಹಾಕೋಣ ಎಂದು ಬಾಯಿಬಿಟ್ಟೆ ನೋಡಿ, ಅಲ್ಲೇ ಕೆಟ್ಟಿದ್ದು. ಮತ ಎಂದ ಕೂಡಲೇ ನಮ್ಮವರಿಗೆ ಮೈಮೇಲೆ ಬಂದ ಹಾಗಾಗುತ್ತದೆ. ನೋಯೆಮಿ ತಕ್ಷಣ ಪ್ರತಿಪ್ರಸ್ತಾವ ಇಟ್ಟಳು: ಎಲ್ಲರೂ ಊಟ ಹಾಕೋಣ, ಆದರೆ ಒಂದೇ ಊಟ, ಒಳ್ಳೆಯ ಊಟ, ಎಲ್ಲರೂ ಸೇರಿ ಆರಿಸಿದ್ದು. ದಿನದ ಪ್ರಮಾಣವನ್ನು ನಾಲ್ಕು ಮನೆಗೆ ಸಮವಾಗಿ ಹಂಚಿಕೊಳ್ಳೋಣ. ತಲೆಗೊಂದು ಮತವೋ ಮನೆಗೊಂದು ಮತವೋ ಎಂಬ ಚರ್ಚೆಯೇ ಬಹಳ ಹೊತ್ತು ಹಿಡಿಯಿತು. ಕೊನೆಗೆ, ನಮ್ಮ ದೇಶದಲ್ಲಿ ಜನರದೂ ಪ್ರಾಂತ್ಯಗಳದೂ ಬಹುಮತ ಬೇಕಾಗುವ ಹಾಗೆ, ಇಲ್ಲೂ ತಲೆ, ಮನೆ ಎರಡು ಬಗೆಯಲ್ಲೂ ಬಹುಮತ ಬೇಕು ಎಂದಾಯಿತು. ಶೆಲ್ಲೆನ್‌ಬರ್ಗ್ ತಮ್ಮ ಮನೆಯಿಂದ ಚೀಸ್ ಕರಗಿಸುವ ಮಡಕೆ ತಂದರು. ಅದರಲ್ಲಿ ಚೀಟಿ ಹಾಕಿದೆವು. ಗುಪ್ತ ಮತದಾನ. ಪ್ರತಿಪ್ರಸ್ತಾವಕ್ಕೆ 'ಬೇಡ' ಎಂದು ಒಂದೇ ಒಂದು ಚೀಟಿ ಬಂತು. ಅದು ಯಾರದೆಂದು ಯಾರೂ ಕೇಳಲಿಲ್ಲ. ಎಲ್ಲರೂ ಗೋಡೆ ನೋಡಿದರು.

ಮೈ ಉರಿದುಹೋಯಿತು. ಆದರೆ ಬಹುಮತ ಬಹುಮತವೇ. ಸುಮ್ಮನೆ ಎದ್ದು ಬಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ನನ್ನ ನಾಲಿಗೆ ಕೇಳಬೇಕಲ್ಲ.

"ಆಗ್ಲಿ. ಇದೂ ಒಳ್ಳೇದೇ," ಎಂದೆ. "ಎಲ್ಲಾ ಕಡೆ ಒಂದೇ ಊಟ ಆದ್ಮೇಲೆ ಊಟಕ್ಕೋಸ್ಕರ ಅಂತ ಯಾರ ಮನೆಗೂ ಹೋಗೋ ಹಾಗಿಲ್ಲ. ಅವಳು ಯಾರ ಬೆಕ್ಕು ಅನ್ನೋದು ಎಲ್ರಿಗೂ ಗೊತ್ತಾಗುತ್ತೆ."

ಶೆಲ್ಲೆನ್‌ಬರ್ಗ್ ಹುಬ್ಬೇರಿಸಿದರು. ಆನ್ಲಿಕರ್ ತಮ್ಮ ಶೂ ನೋಡಿಕೊಂಡರು. ನಾನು ಗೆದ್ದವಳ ಹಾಗೆ ಮೆಟ್ಟಿಲು ಹತ್ತಿದೆ.

ಶನಿವಾರ ಮಧ್ಯಾಹ್ನ ಐದು ಜನರೂ ಸಾಕುಪ್ರಾಣಿಗಳ ಅಂಗಡಿಗೆ ಹೋದೆವು. ಇಡೀ ಒಂದು ಸಾಲು ಬೆಕ್ಕಿನ ಊಟ. ಮನೆಯೊಳಗಿನ ಬೆಕ್ಕಿಗೆ, ಮನೆ ಹೊರಗಿನ ಬೆಕ್ಕಿಗೆ, ವಯಸ್ಸಾದ ಬೆಕ್ಕಿಗೆ, ಸೂಕ್ಷ್ಮ ಮನಸ್ಸಿನ ಬೆಕ್ಕಿಗೆ. ನಾನು ಹುಟ್ಟಿದ ಹಳ್ಳಿಯಲ್ಲಿ ಬೆಕ್ಕಿಗೆ ಹಾಲಲ್ಲಿ ಬ್ರೆಡ್ಡು ಹಾಕುತ್ತಿದ್ದರು, ಉಳಿದದ್ದನ್ನು ಅದೇ ಕೊಟ್ಟಿಗೆಯಲ್ಲಿ ಹಿಡಿದುಕೊಳ್ಳುತ್ತಿತ್ತು. ಅದನ್ನು ಹೇಳಿದ್ದಕ್ಕೆ ನಾಲ್ವರೂ ನನ್ನನ್ನು ಕನಿಕರದಿಂದ ನೋಡಿದರು.

ಆನ್ಲಿಕರ್ ಕೋಟಿನ ಜೇಬಿನಿಂದ ಭೂತಗನ್ನಡಿ ತೆಗೆದರು. ಒಂದು ಡಬ್ಬಿ ಎತ್ತಿ, ತಿರುಗಿಸಿ, ಹಿಂದಿನ ಸಣ್ಣಕ್ಷರ ಓದಿದರು. ಮುಂಭಾಗದಲ್ಲಿ ನೀರಿಂದ ಹಾರುತ್ತಿರುವ ಸಾಲ್ಮನ್ ಮೀನಿನ ಚಿತ್ರ.

"ಮೀನು ನೂರಕ್ಕೆ ನಾಲ್ಕು," ಎಂದರು. "ಮಿಕ್ಕ ತೊಂಬತ್ತಾರು ಯಾರು?"

ಅಂಗಡಿಯ ಹುಡುಗಿ ಬಂದು, ಮಿಕ್ಕದ್ದು ಮಾಂಸ ಮತ್ತು ಪ್ರಾಣಿಮೂಲದ ಇತರ ಪದಾರ್ಥ ಎಂದಳು. ಯಾವ ಪ್ರಾಣಿ ಎಂದು ಕೇಳಿದರು ಆನ್ಲಿಕರ್. ಅವಳಿಗೆ ಗೊತ್ತಿರಲಿಲ್ಲ. ಆ ಪ್ರಾಣಿಗೆ ಹೆಸರು ಹೇಳಿಕೊಳ್ಳಲು ನಾಚಿಕೆಯೇ ಎಂದು ಕೇಳಿದರು. ಅವರು ತಮಾಷೆ ಮಾಡುತ್ತಿರಲಿಲ್ಲ, ಅವರಿಗೆ ತಮಾಷೆ ಬರುವುದಿಲ್ಲ. ಹುಡುಗಿ ನಕ್ಕಳು, ಅವರು ನಗದಿದ್ದುದನ್ನು ನೋಡಿ ಗಂಭೀರಳಾದಳು. ಡಬ್ಬಿಯನ್ನು ಮುಟ್ಟಬಾರದ್ದು ಮುಟ್ಟಿದವರ ಹಾಗೆ ಎರಡು ಬೆರಳಲ್ಲಿ ಹಿಡಿದು ಅವರು ವಾಪಸ್ಸಿಟ್ಟರು.

ಶೆಲ್ಲೆನ್‌ಬರ್ಗ್ ಅಷ್ಟರಲ್ಲಿ ಬಂಗಾರದ ಅಂಚಿನ ಪೊಟ್ಟಣವೊಂದನ್ನು ಬುಟ್ಟಿಗೆ ಹಾಕಿ ಆಗಿತ್ತು. ವಿನ್ಯಾಸ ಇಷ್ಟು ಚೆನ್ನಾಗಿ ಮಾಡಿಸಿದವರು ಒಳಗಿನ ಮಾಲಿನಲ್ಲಿ ಮೋಸ ಮಾಡುತ್ತಾರೆಯೇ ಎಂದರು. ಆನ್ಲಿಕರ್ ಅದನ್ನು ಓದಿ, ಎರಡನೆಯ ಪದಾರ್ಥ ಗೋಧಿ, ನಾಲ್ಕನೆಯದು ಸಕ್ಕರೆ ಎಂದು ಬುಟ್ಟಿಯಿಂದ ತೆಗೆದರು. ನೋಯೆಮಿ ನೊಣದ ಮರಿಹುಳುಗಳಿಂದ ಮಾಡಿದ ಊಟ ಹಿಡಿದುಕೊಂಡು ಬಂದಳು. ಭೂಮಿಗೂ ಒಳ್ಳೆಯದಂತೆ. ಗ್ರಿಟ್ಲಿ ಈಗ ನೊಣ ಹಿಡಿಯಲಾರದಷ್ಟು ದಪ್ಪಗಾಗಿದ್ದಾಳೆ, ಡಬ್ಬಿಯಲ್ಲೇ ಹಾಕಿಕೊಟ್ಟರೆ ಉಪಕಾರವಾಗುತ್ತದೆ ಎಂದೆ. ಸಿಲ್ವಾನ್ ನಕ್ಕ. ನೋಯೆಮಿ ಅವನ ಕಡೆ ತಿರುಗಿ ನೋಡಿದಳು, ನಗು ಅಲ್ಲೇ ನಿಂತಿತು.

ನಮ್ಮ ಚರ್ಚೆ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಗಾಡಿ ತಳ್ಳಿಕೊಂಡು ಬಂದವರೆಲ್ಲ ನಮ್ಮನ್ನು ನೋಡಿ ಮೊಲದ ಸಾಲಿನಿಂದ ಸುತ್ತುಹಾಕಿ ಹೋದರು. ಅಂಗಡಿಯ ಹುಡುಗಿ ಕೊನೆಗೆ, ಒಟ್ಟು ಎಷ್ಟು ಬೆಕ್ಕುಗಳಿಗೆ ಬೇಕು ಎಂದು ಕೇಳಿದಳು.

"ಒಂದು," ಎಂದೆವು ಐವರೂ.

ಕಟ್ಟಕಡೆಗೆ ಆನ್ಲಿಕರ್ ಕೆಳಗಿನ ಹಲಗೆಯ ಮುಂದೆ ಮಂಡಿಯೂರಿ, ಧೂಳು ಹಿಡಿದ ಒಂದು ಬೂದು ಡಬ್ಬಿ ಎಳೆದರು. ಚಿತ್ರವಿಲ್ಲ, ಬಂಗಾರವಿಲ್ಲ. ಶೆಲ್ಲೆನ್‌ಬರ್ಗ್ ಅದನ್ನು ನೋಡಿ ಶೂ ಪಾಲಿಶ್ ಇದ್ದ ಹಾಗಿದೆ ಎಂದು ಮೂಗು ಮುರಿದರು. ಆದರೆ ಹಿಂದೆ ಬರೆದದ್ದನ್ನು ಆನ್ಲಿಕರ್ ಗಟ್ಟಿಯಾಗಿ ಓದಿದರು: ಕೋಳಿ, ಅದರಲ್ಲಿ ಮಾಂಸ ಇಷ್ಟು, ಹೃದಯ ಇಷ್ಟು, ಈಲಿ ಇಷ್ಟು, ಕತ್ತು ಇಷ್ಟು, ಬೇಯಿಸಿದ ನೀರು ಇಷ್ಟು. ಧಾನ್ಯವಿಲ್ಲ, ಸಕ್ಕರೆಯಿಲ್ಲ. ಎಲ್ಲ ಕೂಡಿದರೆ ಸರಿಯಾಗಿ ನೂರು. ಅದು ನೂರಕ್ಕೆ ಬಂದಾಗ ಅವರ ದನಿ ಸ್ವಲ್ಪ ನಡುಗಿತು. ಕೊಂದ ಮೇಲೆ ಕತ್ತನ್ನೂ ಬಿಸಾಡದೆ ಬಳಸುವುದಾದರೆ ತಮಗೂ ಒಪ್ಪಿಗೆ ಎಂದಳು ನೋಯೆಮಿ. ಅಲ್ಲೇ ಕೈ ಎತ್ತಿ ಮತ ಹಾಕಿದೆವು. ಈ ಸಲ ನನ್ನ ಕೈಯೂ ಮೇಲಿತ್ತು. ಊಟ ನಿಜವಾಗಿಯೂ ಒಳ್ಳೆಯದಿತ್ತು.

ಮಾರನೆಯ ದಿನದಿಂದ ಆನ್ಲಿಕರ್ ಪ್ರತಿ ಬೆಳಗ್ಗೆ ತೂಗಿ, ಮುಚ್ಚಳದ ಪುಟ್ಟ ಡಬ್ಬಿಗಳಿಗೆ ತುಂಬಿ, ಎಲ್ಲರ ಬಾಗಿಲ ಮುಂದೆ ಇಟ್ಟು ಹೋಗತೊಡಗಿದರು. ಎರಡು ದಿನ ಗ್ರಿಟ್ಲಿ ಸತ್ಯಾಗ್ರಹ ಮಾಡಿದಳು. ಒಂದು ಬಾಲ್ಕನಿಯಿಂದ ಇನ್ನೊಂದಕ್ಕೆ ಹತ್ತಿದಳು, ಇಳಿದಳು. ನಾಲ್ಕೂ ಕಡೆ ಅದೇ ಊಟ. ಅವಳ ಮುಖದಲ್ಲಿದ್ದ ಅಪನಂಬಿಕೆ ನೋಡಬೇಕಿತ್ತು. ಮೂರನೆಯ ದಿನ ತಿಂದಳು. ತಿಂದದ್ದಷ್ಟೇ ಅಲ್ಲ, ತಟ್ಟೆ ನೆಕ್ಕಿ ಹೊಳಪು ಬರಿಸಿದಳು. ನವೆಂಬರ್ ಹೊತ್ತಿಗೆ ಸೊಂಟ ಕಾಣಿಸಿಕೊಂಡಿತು. ವೈದ್ಯೆ ಕೈ ಕುಲುಕಿದರು.

ನಾನು ಆಡಿದ ಮಾತು ಮಾತ್ರ ಮನೆಯಲ್ಲಿ ಯಾರೂ ಮರೆತಿರಲಿಲ್ಲ. ಬಾಯಿಬಿಟ್ಟು ಯಾರೂ ಹೇಳಲಿಲ್ಲ, ಆದರೆ ಸಂಜೆಯಾಗುತ್ತಲೇ ನಾಲ್ಕೂ ಬಾಲ್ಕನಿಗಳಲ್ಲಿ ಒಬ್ಬೊಬ್ಬರು ಹೂಕುಂಡಕ್ಕೆ ನೀರು ಹಾಕುವ ನೆಪದಲ್ಲಿ ನಿಂತಿರುತ್ತಿದ್ದರು. ಆ ಚಳಿಯಲ್ಲಿ ಕುಂಡದಲ್ಲಿ ಏನಿತ್ತು, ಬರೀ ಮಣ್ಣು. ಶೆಲ್ಲೆನ್‌ಬರ್ಗ್ ತುಪ್ಪಳದ ದಿಂಬು ತಂದರು. ಎಳೆಯ ಜೋಡಿ ಹತ್ತಿಯ ಬುಟ್ಟಿ ಹೆಣೆಯಿತು. ನಾನು ಏನೂ ತರಲಿಲ್ಲ, ಮರಿಯಿದ್ದಾಗಿನಿಂದ ಸಾಕಿದವಳು ನಾನು, ನನಗೆ ಲಂಚದ ಅಗತ್ಯವೇನು ಎಂದುಕೊಂಡೆ. ಮೊದಲ ವಾರ ಅವಳು ನನ್ನಲ್ಲಿಗೂ ಬಂದಳು, ಅಲ್ಲಿ ಇಲ್ಲಿ ಮಲಗಿದಳು. ಆಮೇಲೆ ಊಟ ಮುಗಿಸಿ, ಮೀಸೆ ಒರೆಸಿಕೊಂಡು, ಏಣಿಯಲ್ಲಿ ಕೆಳಗೆ ಇಳಿಯತೊಡಗಿದಳು. ಒಂದು ಮಹಡಿ ದಾಟಿ ಇನ್ನೂ ಕೆಳಗೆ. ಆನ್ಲಿಕರ್ ಮನೆಗೆ.

ನೆಲ ಅಂತಸ್ತು ಬೆಚ್ಚಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನೆಲ ಅಂತಸ್ತೇ ಎಲ್ಲಕ್ಕಿಂತ ತಣ್ಣಗಿರುವುದು, ಅದು ನನಗೂ ಗೊತ್ತು. ಅವರು ಗುಟ್ಟಾಗಿ ಏನೋ ತಿನ್ನಿಸುತ್ತಿದ್ದಾರೆ ಎಂದು ಗುಮಾನಿಪಟ್ಟೆ. ಆದರೆ ಅವಳ ತೂಕ ಹೇಳುತ್ತಿತ್ತಲ್ಲ, ತಿನ್ನಿಸುತ್ತಿಲ್ಲ ಎಂದು. ಮತ್ತೆ ಆ ಮನುಷ್ಯ ಕೆಂಪು ದೀಪವಿದ್ದರೆ ಖಾಲಿ ರಸ್ತೆಯನ್ನೂ ದಾಟುವವರಲ್ಲ. ಜುಂಗಿನ ಚೀಟಿ ಬರೆದ, ಒಣಗಿದ ಕಟ್ಟಿಗೆಯಂಥ ಮನುಷ್ಯನಲ್ಲಿ ಬೆಕ್ಕು ಏನು ಕಂಡಿತೋ ದೇವರಿಗೇ ಗೊತ್ತು. ಶೆಲ್ಲೆನ್‌ಬರ್ಗ್ ಮೆಟ್ಟಿಲಲ್ಲಿ ಸಿಕ್ಕಿ, "ಈಚೆಗೆ ಗ್ರಿಟ್ಲಿ ಮೇಲೆ ಕಾಣೋದೇ ಇಲ್ವಲ್ಲ, ನಿಮ್ಮಲ್ಲಿರ್ತಾಳಾ?" ಎಂದು ಮುಗ್ಧರ ಹಾಗೆ ಕೇಳಿದರು. ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಪಾಳಿ ಮುಗಿಸಿ ಬಂದರೆ ಮಾತಾಡಿಸುವುದಕ್ಕೆ ನನಗೆ ಅವಳನ್ನು ಬಿಟ್ಟರೆ ಯಾರೂ ಇರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಬೆಲ್ ಆಯಿತು. ಆನ್ಲಿಕರ್ ನಿಂತಿದ್ದರು. ಎಡಗೈಯಲ್ಲಿ ಗ್ರಿಟ್ಲಿ, ಬಲಗೈಯಲ್ಲಿ ಕಾಗದದಲ್ಲಿ ಸುತ್ತಿದ ಏನೋ ಒಂದು. ಮೆಟ್ಟಿಲ ಮೇಲೆ ಕೆಳಗೆ ನೋಡಿ, ಒಳಗೆ ಬರಬಹುದೇ ಎಂದು ಪಿಸುಗುಟ್ಟಿದರು. ಬಾಗಿಲು ಹಾಕಿದ ಮೇಲೆ ಕಾಗದ ಬಿಚ್ಚಿದರು. ದಪ್ಪನೆಯ ಸಾಸೇಜು, ಹೊಗೆಯಲ್ಲಿ ಬೇಯಿಸಿದ್ದು. ವಾಸನೆಗೆ ನನ್ನ ಬಾಯಲ್ಲೇ ನೀರೂರಿತು.

"ದಿನಾ ಒಂದು ಚೂರು ಕೊಡಿ, ರಾಫ್‌ಲೌಬ್ ಅವ್ರೇ," ಎಂದರು. "ಅವಳು ವಾಪಸ್ ಬರ್ತಾಳೆ. ನಾನು ಆ ತೂಕನ ಡಬ್ಬೀಲಿ ಕಮ್ಮಿ ಮಾಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಜೀವಮಾನವೆಲ್ಲ ಅಂಗಡಿಯವರ ತಕ್ಕಡಿ ಪರೀಕ್ಷೆ ಮಾಡಿದ ಮನುಷ್ಯ ನನ್ನ ಹಜಾರದಲ್ಲಿ ನಿಂತು ತೂಕದಲ್ಲಿ ಮೋಸ ಮಾಡುತ್ತೇನೆ ಎನ್ನುತ್ತಿದ್ದರು. ಕಿವಿ ಕೆಂಪಗಾಗಿತ್ತು.

"ಇದು ಚುನಾವಣಾ ಅಕ್ರಮ ಕಣ್ರೀ," ಎಂದೆ.

"ಹೌದು," ಎಂದರು. "ಈ ಕಟ್ಟಡದ ಗೋಡೆಗಳು ತೆಳು. ಮೊನ್ನೆ ನೀವು ಅತ್ತಿದ್ದು ಕೆಳಗೆ ನನ್ನ ಮನೆವರೆಗೂ ಕೇಳಿಸ್ತು."

ಅವರು ಗ್ರಿಟ್ಲಿಯನ್ನು ನೆಲಕ್ಕೆ ಬಿಟ್ಟು, ಒಂದು ಚೂರು ಮುರಿದು ಅವಳ ಮುಂದಿಟ್ಟರು. ಇಬ್ಬರೂ ನೋಡುತ್ತಾ ನಿಂತೆವು. ಅವಳು ಮೂಸಿದಳು. ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ಸಾಸೇಜನ್ನು ಅಲ್ಲೇ ಬಿಟ್ಟು, ಬಾಲ್ಕನಿಯ ಪುಟ್ಟ ಬಾಗಿಲನ್ನು ತಲೆಯಿಂದ ತಳ್ಳಿ, ಏಣಿಯಲ್ಲಿ ಇಳಿದು ಹೋದಳು. ಅವಳು ಎಲ್ಲಿಗೆ ಹೋದಳೆಂದು ಬಗ್ಗಿ ನೋಡಬೇಕಾದ ಅಗತ್ಯವಿರಲಿಲ್ಲ.

"ಕ್ಷಮಿಸಿ," ಎಂದರು ಆನ್ಲಿಕರ್. ಕ್ಷಮೆ ಕೇಳುತ್ತಿದ್ದ ಬಾಯಿ ಒಂದು ಕಡೆ, ಮುಖ ಇನ್ನೊಂದು ಕಡೆ. ಆ ಮುಖದಲ್ಲಿ ಉಕ್ಕುತ್ತಿದ್ದ ಸಂತೋಷವನ್ನು ಎಲ್ಲಿ ಬಚ್ಚಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಈ ಮನುಷ್ಯನನ್ನು ಇಷ್ಟು ವರ್ಷದಲ್ಲಿ ಯಾರೂ, ಯಾವುದಕ್ಕೂ, ಆರಿಸಿಕೊಂಡಿರಲಿಲ್ಲ ಎಂದು ನನಗೆ ಹೊಳೆಯಿತು. ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿತು.

"ಏನು ಮಾಡ್ತೀರಿ ನೀವು ಅವಳಿಗೆ?" ಎಂದು ಕೇಳಿದೆ.

"ಏನೂ ಮಾಡಲ್ಲ," ಎಂದರು.

"ಏನಾದ್ರೂ ಮಾಡ್ತಿರಬೇಕು."

"ಇಲ್ಲ. ಕೂತಿರ್ತೀನಿ, ಅಷ್ಟೇ. ಬೇಕಾದ್ರೆ ಬಂದು ನೋಡಿ."

ಹೋದೆ. ಅವರ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಗ್ರಿಟ್ಲಿ ಸೋಫಾದ ಮೇಲಿದ್ದಳು. ನಾನು ಕಂಡ ಕೂಡಲೇ ಎತ್ತಿ ಮುದ್ದಿಸಿ, ಎಲ್ಲಿಗೆ ಹೋಗಿದ್ಯೇ ಚಿನ್ನ, ಯಾಕೇ ಹೀಗ್ ಮಾಡಿದೆ ಎಂದು ಶುರುಮಾಡುವವಳು. ಮನೆಗೆ ಬಂದ ಕೂಡಲೇ ದಿನಾ ಮಾಡುವುದು ಅದನ್ನೇ. ಆನ್ಲಿಕರ್ ತುಟಿಯ ಮೇಲೆ ಬೆರಳಿಟ್ಟು ಕುರ್ಚಿ ತೋರಿಸಿದರು. ಕೂತೆ. ಅವರೂ ಕೂತರು. ರೇಡಿಯೋ ಇಲ್ಲ, ಮಾತಿಲ್ಲ. ಎಂಟು ಗಂಟೆ ಟ್ರಾಮ್ ಓಡಿಸುವುದು ಇದಕ್ಕಿಂತ ಸುಲಭ. ಕಾಲು ಜೋಮು ಹಿಡಿಯಿತು. ಕತ್ತು ತುರಿಸಿತು. ಎಷ್ಟೋ ಹೊತ್ತಿನ ಮೇಲೆ ಅವಳು ಎದ್ದು, ಮೈ ಮುರಿದು, ಸೋಫಾದಿಂದ ಇಳಿದು ನನ್ನ ಕಡೆ ಬಂದಳು. ನನ್ನ ಕೈ ತಾನಾಗಿ ಮುಂದೆ ಹೋಯಿತು.

"ಬೇಡ," ಎಂದರು ಆನ್ಲಿಕರ್, ಕೇಳಿಸಿಯೂ ಕೇಳಿಸದಂತೆ.

ಕೈಯನ್ನು ಕುರ್ಚಿಯ ತೋಳಿನ ಮೇಲೆ ಒತ್ತಿಟ್ಟುಕೊಂಡೆ. ಗ್ರಿಟ್ಲಿ ಹಾರಿ ನನ್ನ ತೊಡೆಯೇರಿದಳು, ಒಂದು ಸುತ್ತು ತಿರುಗಿದಳು, ಕೂತಳು, ಗುರುಗುಟ್ಟಿದಳು. ಅಷ್ಟೇ ಸಾಕಾಯಿತು ನನಗೆ, ಕಣ್ಣಿಂದ ಧಾರಾಕಾರ ನೀರು. ಹಿಂದೆಯೇ ಮೂಗು ಸೋರತೊಡಗಿತು. ಒರೆಸಿಕೊಳ್ಳೋಣವೆಂದರೆ ಅಲುಗಾಡುವಂತಿಲ್ಲ. ಅಲುಗಾಡಿದರೆ ಹೋಗಿಬಿಡುತ್ತಾಳೆ. ಸುಮ್ಮನೆ ಕೂತೆ, ಮೂಗು ಸುರಿಯುತ್ತಲೇ ಇತ್ತು, ತುಟಿಯವರೆಗೂ ಬಂತು. ಆಗ ಆನ್ಲಿಕರ್ ಸದ್ದಾಗದಂತೆ ಎದ್ದು, ಇಸ್ತ್ರಿಯ ಮಡಿಕೆ ಇನ್ನೂ ಬಿಚ್ಚದ ಕರವಸ್ತ್ರವನ್ನು ಜೇಬಿನಿಂದ ತೆಗೆದು, ತುದಿಗಾಲಿನಲ್ಲಿ ನನ್ನ ಹತ್ತಿರ ಬಂದು, ಬಗ್ಗಿ, ನನ್ನ ಮೂಗು ಒರೆಸಿದರು.